ನನ್ನ ಬೀಗದಕೈ, ಅತ್ತಿಗೆಯ ಬೀರು

ನಮ್ಮತ್ತಿಗೆ ಮೂರನೇ ಕ್ಲಾಸಿನ ಟೀಚರ್. ನಾನು ಅದೇ ಶಾಲೆಯ ಆಫೀಸಿನಲ್ಲಿ ಗುಮಾಸ್ತೆ. ಒಂದೇ ಮನೆ, ಒಂದೇ ಶಾಲೆ, ಹೋಗುವಾಗ ಬರುವಾಗ ಇಬ್ಬರಿಗೂ ಒಂದೇ ಕೊಡೆ. ಮನೆಯಲ್ಲಿ ಅವರ ಮಾತೇ ನಡೆಯಬೇಕು. ನಾನು ಅಣ್ಣನ ಮನೆಯಲ್ಲಿರೋ ನಾದಿನಿ, ಬಾಯಿ ಎಷ್ಟೇ ಜೋರಿದ್ದರೂ ಅಡುಗೆಮನೆಯಲ್ಲಿ ನನಗೆ ಎರಡನೇ ಸ್ಥಾನ. ಶಾಲೆಯಲ್ಲಿ ಮಾತ್ರ ಲೆಕ್ಕ ಬೇರೆ. ಅಲ್ಲಿ ಸೀಮೆಸುಣ್ಣ ಬೇಕೆಂದರೂ ಅವರು ನನ್ನ ಹತ್ತಿರ ಬರಬೇಕು, ಪೊರಕೆ ಬೇಕೆಂದರೂ ನನ್ನ ಹತ್ತಿರವೇ ಬರಬೇಕು. ಬೀಗದಕೈ ಗೊಂಚಲು ನನ್ನ ಸೊಂಟದಲ್ಲಿ. ಮಕ್ಕಳು, ಅವರ ಅಪ್ಪ ಅಮ್ಮಂದಿರು ಎಲ್ಲರೂ ನನ್ನನ್ನ ಕರೆಯೋದು ‘ಆಫೀಸಮ್ಮ’ ಅಂತ. ಎದುರಿಗೆ ಅಷ್ಟು. ಬೆನ್ನ ಹಿಂದೆ ಏನಂತಾರೋ ನಾನು ಕೇಳೋಕೆ ಹೋಗಿಲ್ಲ.

ಕಾರಿಡಾರಿನ ಕೊನೆಯಲ್ಲಿ ಒಂದು ಗಾಜಿನ ಬೀರು. ಅದರ ತುಂಬ ಬಣ್ಣಬಣ್ಣದ ಕಥೆಪುಸ್ತಕ, ಯಾರೋ ಪುಣ್ಯಾತ್ಮರು ಶಾಲೆಗೆ ಕೊಟ್ಟಿದ್ದು. ನಾನು ಕೆಲಸಕ್ಕೆ ಸೇರಿದಾಗಿಂದ ಅದಕ್ಕೆ ಬೀಗ. ವರ್ಷಕ್ಕೊಮ್ಮೆ ತೆಗೆಯೋದು, ಧೂಳು ಒರೆಸೋದು, ಮತ್ತೆ ಹಾಕೋದು. ಒಂದು ಪುಸ್ತಕ ಕಳೆದಿಲ್ಲ, ಒಂದು ಹಾಳೆ ಮಡಚಿಲ್ಲ. ಮಕ್ಕಳು ಹೋಗ್ತಾ ಬರ್ತಾ ಗಾಜಿಗೆ ಮೂಗು ಒತ್ತಿಕೊಂಡು ನಿಲ್ಲೋರು, ಆ ಮೂಗಿನ ಗುರುತು ಒರೆಸೋದೂ ನನ್ನ ಪಾಲಿಗೇ. ಆದರೂ ಆ ಬೀರು ಅಂದರೆ ನನಗೆ ಹೆಮ್ಮೆ. ಇಡೀ ಶಾಲೆಯಲ್ಲಿ ಹೊಸದಾಗೇ ಉಳಿದಿದ್ದು ಅದೊಂದೇ ನೋಡಿ.

ಅತ್ತಿಗೆಗೆ ಆಗ ಬೀರುವಿನ ಗೊಡವೆಯೇ ಇರಲಿಲ್ಲ. ಅವರು ಹಳೇ ಕಾಲದ ಟೀಚರ್. ಬೋರ್ಡಿನ ಮೇಲೆ ಮುತ್ತಿನಂಥ ಅಕ್ಷರದಲ್ಲಿ ಬರೆಯೋದು, ಮಕ್ಕಳು ನೋಡಿ ಬರ್ಕೊಳ್ಳೋದು, ಆಮೇಲೆ ಎಲ್ಲರೂ ಒಟ್ಟಿಗೆ ರಾಗವಾಗಿ ಓದೋದು. ಕೈಯಲ್ಲಿ ಮರದ ಸ್ಕೇಲು. ಒಂದು ಮಗುವಿಗೂ ಹೊಡೆದವರಲ್ಲ, ಮೇಜಿಗೆ ಬಡಿಯೋರು ಅಷ್ಟೆ. ಹಾಗಾಗಿ ‘ಸ್ಕೇಲ್ ಟೀಚರ್’ ಅಂತ ಹೆಸರು ಬಿತ್ತು. ಹೆಡ್ ಮಾಸ್ತರಿಗೆ ಅವರ ಕ್ಲಾಸು ಅಂದರೆ ಪಂಚಪ್ರಾಣ. ನಮ್ಮ ಹೆಡ್ ಮಾಸ್ತರು ಪಾಠ ಅಳೆಯೋದು ಕಿವಿಯಲ್ಲಿ. ಕೈ ಹಿಂದೆ ಕಟ್ಟಿಕೊಂಡು ಕಾರಿಡಾರಿನಲ್ಲಿ ಓಡಾಡೋರು. ಒಳಗಿಂದ ಜೋರಾಗಿ ಸದ್ದು ಬಂದರೆ ಪಾಠ ನಡೀತಿದೆ ಅಂತ, ಸದ್ದಿಲ್ಲ ಅಂದರೆ ಟೀಚರ್ ಬಂದಿಲ್ಲ ಅಂತ. ಮೂರನೇ ಕ್ಲಾಸಿನ ಮುಂದೆ ನಿಂತು, “ಆಹಾ, ಏನು ಓದ್ತಾವೆ ಮಕ್ಕಳು!” ಅಂತ ತಲೆದೂಗೋರು.

ಇಂಥ ಅತ್ತಿಗೆ ಬದಲಾದರಲ್ಲ, ಅದಕ್ಕೆ ಕಾರಣ ಒಂದು ಬಿದ್ದುಹೋದ ಹಾಳೆ.

ಆ ವರ್ಷ ಬಂದ ಪಠ್ಯಪುಸ್ತಕದಲ್ಲಿ ಆನೆಯ ಪಾಠ ಅಂತ ಒಂದಿತ್ತು. ಹಳೇ ಪಾಠವೇ. ಆನೆ ಕೆಸರಿಗೆ ಇಳಿಯುತ್ತೆ, ಸಿಕ್ಕಿಹಾಕಿಕೊಳ್ಳುತ್ತೆ, ಊರಿನವರೆಲ್ಲ ಹಗ್ಗ ಹಾಕಿ ಎಳೀತಾರೆ, ಕೊನೆಗೆ ಚಪ್ಪಾಳೆ. ಬೈಂಡಿಂಗ್ ಮಾಡಿದವರ ಕೈ ತಪ್ಪಿ ನಮಗೆ ಬಂದ ಕಟ್ಟಿನಲ್ಲಿ ಹಗ್ಗ ಎಳೆಯೋ ಹಾಳೆಯೇ ಇರಲಿಲ್ಲ. ಒಂದು ಪುಟದ ಕೊನೆಯಲ್ಲಿ ಆನೆ ಕೆಸರಲ್ಲಿ, ಮುಂದಿನ ಪುಟದ ಮೊದಲಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು! ಆದರೆ ಮಕ್ಕಳಿಗೆ ಅಕ್ಕ ಅಣ್ಣಂದಿರ ಬಾಯಿಂದ ಕೇಳಿ ಕೇಳಿ ಆ ಪಾಠ ಮೊದಲೇ ಬರುತ್ತಿತ್ತು. ಇಲ್ಲದ ಹಾಳೆಯನ್ನೂ ಗಡಗಡ ಓದಿಬಿಟ್ಟರು. ಅತ್ತಿಗೆಯೂ ಜೊತೆಗೆ ಸ್ಕೇಲು ಬಡೀತಾ ಓದಿದರು. ಹೊರಗೆ ಹೆಡ್ ಮಾಸ್ತರು ತಲೆದೂಗಿದರು.

ಹಿಂದಿನ ಬೆಂಚಿನಲ್ಲಿ ಹೊಸದಾಗಿ ಸೇರಿದ ಒಂದು ಹುಡುಗಿ ಎದ್ದು ನಿಂತಿತು. ಅವರಪ್ಪ ಹೆದ್ದಾರಿ ಪಕ್ಕದ ಗ್ಯಾರೇಜಿನಲ್ಲಿ ಮೆಕ್ಯಾನಿಕ್. “ಟೀಚರ್, ನನ್ನ ಪುಸ್ತಕದಲ್ಲಿ ಆನೆ ಮೇಲೆ ಬರೋದೇ ಇಲ್ಲ.”

“ಎಲ್ಲರ ಪುಸ್ತಕದಲ್ಲೂ ಬರುತ್ತೆ, ನಿನ್ನದರಲ್ಲಿ ಬರಲ್ವಾ? ಸರಿಯಾಗಿ ನೋಡು.”

ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತು. ಹುಡುಗಿ ಮುಖ ಕೆಂಪಗೆ ಮಾಡ್ಕೊಂಡು ಕೂತುಬಿಟ್ಟಿತು. ಅತ್ತಿಗೆ ಪಕ್ಕದವನ ಪುಸ್ತಕ ತೆಗೆದು ನೋಡಿದರು. ಇಲ್ಲ. ಅದರ ಪಕ್ಕದ್ದು ನೋಡಿದರು. ಅದರಲ್ಲೂ ಇಲ್ಲ. ಕೊನೆಗೆ ತಮ್ಮದೇ ಪುಸ್ತಕ ತೆರೆದು ನೋಡಿದರೆ ಅದರಲ್ಲೂ ಆನೆ ಕೆಸರಲ್ಲೇ ಇದೆ.

ಅವತ್ತು ಮನೆಗೆ ಬಂದವರು ಕಾಲು ಕೂಡ ತೊಳೆಯದೆ ಕುರ್ಚಿಯಲ್ಲಿ ಕುಸಿದರು. ಅಣ್ಣ ಪೇಪರಿನ ಹಿಂದಿನಿಂದ, “ಏನಾಯ್ತು?” ಅಂದ.

“ಇಷ್ಟು ವರ್ಷ ನಾನು ಗಿಳಿ ಸಾಕಿದ್ದೀನಿ ಕಣ್ರೀ,” ಅಂದರು ಅತ್ತಿಗೆ. “ಒಂದು ಮಗುವೂ ಪುಟ ನೋಡ್ತಿರಲಿಲ್ಲ. ನಾನೂ ನೋಡ್ತಿರಲಿಲ್ಲ. ಮುಂದಿನ ಬೇಸಿಗೆ ರಜಕ್ಕೆ ನನ್ನ ನಿವೃತ್ತಿ. ಹಾರ ಹಾಕಿ ಕಳಿಸ್ತಾರೆ. ಯಾವ ಮುಖ ಇಟ್ಕೊಂಡು ಹಾಕಿಸ್ಕೊಳ್ಳಲಿ?” ಅಂದವರೇ ಸೆರಗಲ್ಲಿ ಕಣ್ಣೊರೆಸಿಕೊಂಡರು. ಜಗಳಕ್ಕೆ ಸರಿಜೋಡಿ ಅಂತ ನಾನು ಅವರನ್ನ ಇಷ್ಟಪಡ್ತಿದ್ದೆ. ಅಳೋ ಅತ್ತಿಗೆಯ ಜೊತೆ ಹೇಗೆ ಜಗಳ ಆಡೋದು ಹೇಳಿ.

ಆದರೆ ಅತ್ತಿಗೆ ಅಳ್ತಾ ಕೂರೋ ಪೈಕಿ ಅಲ್ಲ. ಮಾರನೇ ದಿನವೇ ಸಾಲಾಗಿದ್ದ ಬೆಂಚುಗಳನ್ನ ಎಳೆಸಿ ಎದುರುಬದುರು ಹಾಕಿಸಿದರು. ನೆಲ ಕೆರೆದುಹೋಯ್ತು, ನನ್ನ ಹೊಟ್ಟೆ ಉರಿಯಿತು. ಒಂದು ಮೂಲೆಗೆ ನಮ್ಮ ಮನೆಯ ಚಾಪೆ ಬಂತು, ನನಗೆ ಒಂದು ಮಾತೂ ಹೇಳದೆ. ಊಟದ ಬಿಡುವು ಆದಮೇಲೆ ಎಲ್ಲರೂ ಮನಸ್ಸಿನಲ್ಲೇ ಓದಬೇಕು, ತಾವೂ ಕೂತು ಓದೋರು. ಆ ಹೊತ್ತಿನಲ್ಲಿ ಹೆಡ್ ಮಾಸ್ತರು ಆ ಕಡೆ ಬಂದರು. ಸದ್ದಿಲ್ಲ. ನೇರ ಆಫೀಸಿಗೆ ಬಂದು, “ಏನಮ್ಮಾ, ನಿಮ್ಮತ್ತಿಗೆಗೆ ಹುಷಾರಿಲ್ವಾ? ರಜ ಚೀಟಿ ಕೊಟ್ಟಿಲ್ವಲ್ಲ?” ಅಂದರು. ನಾನು ಕರ್ಕೊಂಡು ಹೋಗಿ ಕಿಟಕಿಯಲ್ಲಿ ತೋರಿಸಿದೆ. ಪಾಪ, ಕ್ಲಾಸಿನ ತುಂಬ ಮಕ್ಕಳಿದ್ದೂ ಸದ್ದಿಲ್ಲದ್ದು ನೋಡಿ ಅವರಿಗೆ ಗಾಬರಿಯೇ ಆಯ್ತು.

ಸ್ವಲ್ಪ ದಿನಕ್ಕೆ ಪಠ್ಯಪುಸ್ತಕ ಮುಗೀತು. ಅತ್ತಿಗೆಯ ಕಣ್ಣು ಬೀರುವಿನ ಮೇಲೆ ಬಿತ್ತು.

“ಬೀಗದಕೈ ಕೊಡೇ,” ಅಂದರು, ಮನೆಯಲ್ಲಿ, ಈರುಳ್ಳಿ ಹೆಚ್ಚುತ್ತಾ.

“ಶಾಲೆ ವಿಷಯ ಶಾಲೆಯಲ್ಲಿ ಕೇಳಿ.”

“ಮಕ್ಕಳ ಕೈಗೆ ಪುಸ್ತಕ ಕೊಡಬೇಕು. ಮನೆಗೂ ಕಳಿಸಬೇಕು.”

“ಮನೆಗಾ! ಅತ್ತಿಗೆ, ಬುದ್ಧಿ ನೆಟ್ಟಗಿದೆಯಾ ನಿಮಗೆ? ಹರಿದು ಚಿಂದಿ ಮಾಡ್ತಾವೆ. ನಾನು ಕಣ್ಣಲ್ಲಿ ಕಣ್ಣಿಟ್ಟು ಕಾಯ್ದಿದ್ದೀನಿ. ಒಂದು ಪುಸ್ತಕ ಕಳೆದಿದೆಯಾ?”

“ಕಳೆದಿಲ್ಲ. ಒಂದನ್ನಾದ್ರೂ ಯಾರಾದ್ರೂ ಓದಿದ್ದಾರಾ?”

ನಾನು ಅಣ್ಣನ ಕಡೆ ನೋಡಿದೆ. ಅಣ್ಣ ಪೇಪರನ್ನ ಇನ್ನೂ ಸ್ವಲ್ಪ ಮೇಲೆತ್ತಿಕೊಂಡ.

ವಿಷಯ ಹೆಡ್ ಮಾಸ್ತರ ಮುಂದೆ ಹೋಯ್ತು. ಅವರು ಯಾರ ಮನಸ್ಸೂ ನೋಯಿಸದ ಮನುಷ್ಯ, ಅದಕ್ಕೇ ಯಾವುದನ್ನೂ ಇತ್ಯರ್ಥ ಮಾಡೋರಲ್ಲ. ಆದರೆ ಅವತ್ತು ಮಾಡಿದರು. “ವರ್ಷದ ಕೊನೆಗೆ ಇನ್ಸ್‌ಪೆಕ್ಟರ್ ಮೇಡಂ ತಪಾಸಣೆಗೆ ಬರ್ತಾರೆ. ಅಲ್ಲಿವರೆಗೆ ಬೀರು ತೆರೆದಿರಲಿ. ಮೇಡಂ ನೋಡುವಾಗ ಪುಸ್ತಕ ನೆಟ್ಟಗಿದ್ರೆ ಮುಂದಕ್ಕೂ ತೆರೆದೇ ಇರಲಿ. ಇಲ್ಲಾಂದ್ರೆ ಬೀಗ ಹಾಕಿ ಬೀಗದಕೈ ಆಫೀಸಮ್ಮನ ಹತ್ತಿರ. ಆಮೇಲೆ ಯಾರೂ ಕೇಳೋ ಹಾಗಿಲ್ಲ.” ಅತ್ತಿಗೆ ಒಪ್ಪಿದರು. ಅವರಿಗೂ ಗೊತ್ತಿತ್ತು, ಒಂದು ಸಲ ಬೀಗ ಬಿದ್ದರೆ ಅವರು ಹೋದಮೇಲೆ ಆ ಬೀರು ತೆಗೆಸೋ ಗಂಡಸು ಹೆಂಗಸು ಯಾರೂ ಆ ಶಾಲೆಯಲ್ಲಿಲ್ಲ ಅಂತ.

ನಾನೇನು ಸುಮ್ಮನೆ ಬಿಡ್ತೀನಾ? ಪ್ರತಿ ಪುಸ್ತಕದ ಒಳಗೂ ಒಂದೊಂದು ಚೀಟಿ ಅಂಟಿಸಿದೆ: ‘ಪುಸ್ತಕ ಕೊಳೆಯಾದರೆ ಮನೆಯವರೇ ಹೊಣೆ. ಆಫೀಸು.’

ಮೊದಲ ವಾರ ಪುಸ್ತಕ ಹೋದವು, ಬಂದವು. ಎಲ್ಲವೂ ಕನ್ನಡಿ ಕನ್ನಡಿ. ನಾನು ಖುಷಿಯಾದೆ. ಅತ್ತಿಗೆ ಒಬ್ಬೊಬ್ಬರನ್ನೇ ಕೇಳಿದರು, “ಕಥೆ ಏನು ಹೇಳು?” ಯಾರಿಗೂ ಗೊತ್ತಿಲ್ಲ. “ಅಮ್ಮ ಬಟ್ಟೆ ಸುತ್ತಿ ಕಪಾಟಿನ ಮೇಲಿಟ್ರು.” “ಅಪ್ಪ ಮುಟ್ಟಬೇಡ ಅಂದ್ರು.” “ಆಫೀಸಮ್ಮ ಬಯ್ತಾರಂತೆ.” ಅತ್ತಿಗೆ ಅಲ್ಲಿಂದಲೇ ಕಿಟಕಿ ಮೂಲಕ ನನ್ನನ್ನ ಹೇಗೆ ನೋಡಿದರು ಅಂದರೆ, ನಾನು ಆಫೀಸಿನ ಬಾಗಿಲು ಹಾಕ್ಕೊಂಡೆ.

ಆಮೇಲೆ ಕ್ಲಾಸಿನಲ್ಲಿ ಒಂದು ಕಾನೂನು ಬಂತು. ಸ್ಕೇಲಿನಿಂದ ಮೇಜಿಗೆ ಬಡಿದು ಹೇಳಿದರಂತೆ: “ಸ್ವಚ್ಛವಾಗಿ ಬಂದ ಪುಸ್ತಕ ಯಾರೂ ಓದದ ಪುಸ್ತಕ. ಕೈ ಬಿದ್ದ ಗುರುತಿದ್ರೆ ಮಾತ್ರ ಹೊಸ ಪುಸ್ತಕ ಕೊಡ್ತೀನಿ. ಇಲ್ಲಾಂದ್ರೆ ಅದನ್ನೇ ಮತ್ತೆ ತಗೊಂಡು ಹೋಗಿ, ಮನೆಯವರ ಜೊತೆ ಕೂತು ಓದಿ.” ಸಾಲದ್ದಕ್ಕೆ ಸಂಜೆ ಮನೆಗೆ ಹೋಗೋ ದಾರಿಯಲ್ಲಿ ಅಂಗಡಿ ಅಂಗಡಿ ನಿಲ್ಲೋರು. ಒಂದೇ ಕೊಡೆ ನೋಡಿ, ನಾನೂ ನಿಲ್ಲಬೇಕು. “ನಿಮಗೆ ಓದೋಕೆ ಬರದಿದ್ರೂ ಪರವಾಗಿಲ್ಲ. ಕೆಲಸ ಮಾಡ್ತಾ ಕೇಳಿಸ್ಕೊಳ್ಳಿ. ಕಿವಿ ಕೊಟ್ರೆ ಸಾಕು,” ಅನ್ನೋರು. ಇಷ್ಟು ವರ್ಷ ಅಪ್ಪ ಅಮ್ಮಂದಿರನ್ನ ಕಂಪ್ಲೇಂಟ್ ಹೇಳೋಕೆ ಮಾತ್ರ ಕರೆಸಿದ್ದ ಟೀಚರ್ ತಾನಾಗಿ ಅಂಗಡಿ ಮೆಟ್ಟಿಲು ಹತ್ತಿದರೆ ಅವರಾದರೂ ಏನು ಮಾಡ್ತಾರೆ? ಸ್ಟೂಲು ಒರೆಸಿ ಕೂರಿಸಿ ಹ್ಞೂಂ ಅನ್ನೋರು.

ಅಯ್ಯೋ, ಆಮೇಲೆ ಶುರುವಾಯ್ತು ನೋಡಿ ನನ್ನ ಪುಸ್ತಕಗಳ ಗ್ರಹಚಾರ! ಬೇಕರಿ ಮನೆಯಿಂದ ಬಂದದ್ದನ್ನ ಕೊಡವಿದರೆ ಹಿಟ್ಟು ಉದುರೋದು. ಟೈಲರ್ ಮನೆಯದರಲ್ಲಿ ಪುಟದ ಗುರುತಿಗೆ ನೀಲಿ ನೂಲು, ಅಂಚಲ್ಲಿ ಗೆರೆ ಹಾಕೋ ಸುಣ್ಣದ ಪುಡಿ. ಟೀ ಅಂಗಡಿಯವರದರ ಮೇಲೆ ಲೋಟದ ಗುಂಡು ಗುರುತು. ಇಸ್ತ್ರಿ ಅಂಗಡಿಯಾತ ಮಡಚಿದ ಹಾಳೆಗಳಿಗೆಲ್ಲ ಇಸ್ತ್ರಿ ಹಾಕಿ ಕಳಿಸಿದ್ದ, ಅದೊಂದು ಪುಣ್ಯ. ಕ್ಷೌರದಂಗಡಿಯಲ್ಲಂತೂ ಮಗ ಕಥೆ ಓದ್ತಿದ್ದನಂತೆ, ಅಪ್ಪ ಗಿರಾಕಿಯ ಅರ್ಧ ಗಡ್ಡ ಕೆರೆದು ಕತ್ತಿ ಹಿಡ್ಕೊಂಡೇ ನಿಂತುಬಿಟ್ಟನಂತೆ. ಗಿರಾಕಿಯೂ ಏನೂ ಅನ್ನಲಿಲ್ಲವಂತೆ, ಅವನಿಗೂ ಮುಂದೇನಾಯ್ತು ಅಂತ ಗೊತ್ತಾಗಬೇಕಿತ್ತು. ಕಳ್ಳರೂ ಇದ್ದರು. ಒಬ್ಬ ಹುಡುಗನ ಪುಸ್ತಕದಲ್ಲಿ ಪುಟಕ್ಕೊಂದರಂತೆ ಅಚ್ಚುಕಟ್ಟಾಗಿ ಟೀ ಹನಿ. ಕಥೆ ಕೇಳಿದರೆ, “ಗೊತ್ತಿಲ್ಲ ಟೀಚರ್, ಅಮ್ಮ ಚಮಚದಲ್ಲಿ ಹಾಕಿದ್ರು,” ಅಂದ. ಅತ್ತಿಗೆ ನಕ್ಕು ನಕ್ಕು ಸುಸ್ತಾದರು. ನನಗೆ ನಗು ಬರಲಿಲ್ಲ.

ಕ್ಲಾಸು ಮಾತ್ರ ಬೇರೆಯೇ ಆಗಿಹೋಯ್ತು, ಅದನ್ನ ಒಪ್ಪಬೇಕು. ಒಂದಕ್ಕೊಂದು ಕಥೆ ಹೇಳ್ತಾ, ‘ಆ ಪುಸ್ತಕ ನನಗೆ, ನನಗೆ’ ಅಂತ ಕಚ್ಚಾಡ್ತಾ. ಹೆಡ್ ಮಾಸ್ತರಿಗೆ ಸದ್ದೂ ಸಿಕ್ಕಿತು.

ಇದರ ನಡುವೆ ನನ್ನ ಮನಸ್ಸಿಗೆ ತಂಪು ಕೊಟ್ಟಿದ್ದು ಒಂದೇ ಮಗು. ಆ ಗ್ಯಾರೇಜಿನ ಹುಡುಗಿ. ಬೆಕ್ಕೊಂದು ಚಪ್ಪಲಿ ಹುಡುಕಿಕೊಂಡು ಹೋಗೋ ಕಥೆಯ ಪುಸ್ತಕ ಅವಳಿಗೆ ಸಿಕ್ಕಿತ್ತು. ಪ್ರತಿ ಸಲವೂ ಹೇಗೆ ಹೋಗಿತ್ತೋ ಹಾಗೇ ವಾಪಸ್. ಒಂದು ಚುಕ್ಕೆ ಇಲ್ಲ. ಅದೂ ಗ್ಯಾರೇಜಿನಿಂದ! ಅವರಪ್ಪ ಮಗಳನ್ನ ಸೇರಿಸೋಕೆ ಬಂದಾಗ ಸಹಿ ಹಾಕೋ ಕಡೆ ಹೆಬ್ಬೆಟ್ಟು ಒತ್ತಿದ್ದ. ಆ ಬೆರಳಿಗೆ ಇಂಕ್ ಪ್ಯಾಡೇ ಬೇಕಾಗಿರಲಿಲ್ಲ, ಅಷ್ಟು ಕಪ್ಪು. ಅಂಥ ಮನೆಯಲ್ಲಿ ಪುಸ್ತಕ ಹೀಗಿಟ್ಟಿದ್ದಾರಲ್ಲ ಅಂತ ನಾನು ಅತ್ತಿಗೆಗೆ ಕೇಳಿಸೋ ಹಾಗೆ ಹೊಗಳ್ತಿದ್ದೆ.

ಅತ್ತಿಗೆಗೆ ಅದೇ ಚಿಂತೆ. “ಓದೋಕೆ ಚೆನ್ನಾಗಿ ಬರುತ್ತೆ ಆ ಮಗುವಿಗೆ. ಆದ್ರೆ ಮನೆಯಲ್ಲಿ ಒಬ್ಬರೂ ಜೊತೆಗೆ ಕೂತಿಲ್ಲ,” ಅನ್ನೋರು. ಕಥೆ ಕೇಳಿದರೆ ಹುಡುಗಿ ತಲೆ ತಗ್ಗಿಸಿ ನಿಲ್ಲೋಳು. ಆವತ್ತು ಎಲ್ಲರೂ ನಕ್ಕಮೇಲೆ ಅವಳು ಬಾಯಿ ಬಿಡೋದೇ ನಿಲ್ಲಿಸಿದ್ದಳು. ಅದಕ್ಕೆ ಅದೇ ಪುಸ್ತಕವನ್ನ ಮತ್ತೆ ಕೈಗೆ ಕೊಟ್ಟು ಕಳಿಸೋರು. ಉಳಿದವರು ಪುಸ್ತಕದ ಮೇಲೆ ಪುಸ್ತಕ ಮುಗಿಸಿದರು, ಇವಳದು ಅದೇ ಬೆಕ್ಕು. ‘ಪುಸ್ತಕದ ವಿಷಯ ಮಾತಾಡಬೇಕು, ಬನ್ನಿ’ ಅಂತ ಅಪ್ಪನಿಗೆ ಹೇಳಿ ಕಳಿಸಿದರು. ಬರಲಿಲ್ಲ. ಇನ್ನೊಮ್ಮೆ ಹೇಳಿ ಕಳಿಸಿದರು. ಆಗಲೂ ಬರಲಿಲ್ಲ.

ತಪಾಸಣೆ ದಿನ ಬಂತು. ಅತ್ತಿಗೆ ಅದೇ ದಿನಕ್ಕೆ ಅಪ್ಪ ಅಮ್ಮಂದಿರ ಸಭೆಯನ್ನೂ ಇಟ್ಟುಕೊಂಡಿದ್ದರು. ಅಂಗಡಿ ಅರ್ಧ ಬಾಗಿಲು ಹಾಕ್ಕೊಂಡು ಎಲ್ಲರೂ ಬಂದಿದ್ದರು. ಬೆಳಿಗ್ಗೆ ಹೆಡ್ ಮಾಸ್ತರು ಬೀರು ಒಮ್ಮೆ ನೋಡೋಣ ಅಂತ ಹೋದವರು ಹಾಗೇ ಕಂಬ ಹಿಡ್ಕೊಂಡರು. “ಏನಮ್ಮಾ ಇದು! ಪುಸ್ತಕವೋ ಒರೆಸೋ ಬಟ್ಟೆಯೋ!”

“ನನ್ನ ಕೇಳಬೇಡಿ ಸಾರ್. ನಾನು ಮೊದಲೇ ಹೇಳಿದ್ದೆ,” ಅಂದೆ. ಹೇಳಿದ್ದೆ ತಾನೇ?

“ಮುಗೀತು. ಮೇಡಂ ಹೋದ ತಕ್ಷಣ ಬೀಗ ಹಾಕಿ.”

ಅತ್ತಿಗೆ ಪಕ್ಕದಲ್ಲೇ ನಿಂತಿದ್ದರು. ಜಗಳಕ್ಕೆ ಬರ್ತಾರೆ ಅಂತ ನಾನು ಸೊಂಟ ಕಟ್ಟಿ ನಿಂತಿದ್ದೆ, ಬರಲಿಲ್ಲ. ಸೀರೆ ಸರಿ ಮಾಡ್ಕೊಂಡು ಕ್ಲಾಸಿಗೆ ಹೋದರು. ಮುಖ ಬಾಡಿಹೋಗಿತ್ತು. ಗೆದ್ದ ಮೇಲೂ ನನಗೆ ಯಾಕೋ ಗೆದ್ದ ಹಾಗೆ ಅನ್ನಿಸಲಿಲ್ಲ.

ಇನ್ಸ್‌ಪೆಕ್ಟರ್ ಮೇಡಂ ಬಂದರು. ಕನ್ನಡಕ ಮೂಗಿನ ತುದಿಯಲ್ಲಿ, ಮಾತು ಕಡಿಮೆ. ಬೀರು ತೆಗೆಸಿ ಒಂದು ರಾಶಿ ಪುಸ್ತಕವನ್ನ ಕ್ಲಾಸಿನ ಮೇಜಿನ ಮೇಲೆ ಹಾಕಿಸಿದರು. ಒಂದೊಂದೇ ತಿರುವಿದರು. ಹುಬ್ಬು ಗಂಟು. ಅಪ್ಪ ಅಮ್ಮಂದಿರು ಗೋಡೆಗುಂಟ ಉಸಿರು ಬಿಗಿಹಿಡಿದು ನಿಂತಿದ್ದರು. ತಮ್ಮ ತಮ್ಮ ಮನೆಯ ಕೊಳೆ ಕಂಡಾಗ ಒಬ್ಬೊಬ್ಬರೇ ನೆಲ ನೋಡೋರು. ಕೊನೆಗೆ ಮೇಡಂ ರಾಶಿಯ ಅಡಿಯಿಂದ ಬೆಕ್ಕಿನ ಪುಸ್ತಕ ಎಳೆದರು. ಫಳಫಳ ಅಂತಿತ್ತು.

“ಇದೊಂದು ನೋಡಿ,” ಅಂದರು. “ಎಲ್ಲವೂ ಹೀಗಿರೋಕೆ ಏನಾಗಿತ್ತು?”

“ಅದೇ ನಾನೂ ಹೇಳೋದು ಮೇಡಂ,” ಅಂದರು ಹೆಡ್ ಮಾಸ್ತರು.

ಅತ್ತಿಗೆ ಆಗಲಾದರೂ ಸುಮ್ಮನಿರಬಾರದಾ? “ಅದು ಯಾರೂ ಓದದ ಪುಸ್ತಕ ಮೇಡಂ,” ಅಂದುಬಿಟ್ಟರು.

“ಓದಿದ್ದೀವಿ,” ಅಂತ ಬಾಗಿಲ ಹತ್ತಿರದಿಂದ ಒಂದು ದನಿ.

ಎಲ್ಲರೂ ತಿರುಗಿದರು. ಗ್ಯಾರೇಜಿನಾತ. ಯಾವಾಗ ಬಂದು ನಿಂತಿದ್ದನೋ. ಒಗೆದ ಅಂಗಿ, ಎರಡೂ ಕೈ ಬೆನ್ನ ಹಿಂದೆ. “ತಪ್ಪು ತಿಳೀಬೇಡಿ ಟೀಚರ್. ದಿನಾ ಓದಿದ್ದೀವಿ. ಬೇಕಾದ್ರೆ ಹೇಳ್ತೀನಿ,” ಅಂದವನೇ ಶುರು ಮಾಡಿದ. “ಒಂದು ಊರಲ್ಲಿ ಒಂದು ಬೆಕ್ಕು. ಅದಕ್ಕೆ ಕಾಲು ಸುಡ್ತಿತ್ತು...” ಒಂದಕ್ಷರ ಬಿಡದೆ, ನಿಲ್ಲದೆ, ಪುಟದ ಮೇಲೆ ಪುಟ.

“ಬಾಯಿಪಾಠ,” ಅಂದರು ಹೆಡ್ ಮಾಸ್ತರು ಮೆಲ್ಲಗೆ. ಅತ್ತಿಗೆಯ ಮುಖದಲ್ಲಿ ಇದ್ದ ಚೂರುಪಾರು ಜೀವವೂ ಹೋಯ್ತು. ಆನೆಯ ಪಾಠದ ನೆನಪಾಗಿರಬೇಕು.

ಆಗ ಎದ್ದಳು ನೋಡಿ ಆ ಹುಡುಗಿ. “ಬಾಯಿಪಾಠ ಅಲ್ಲ!” ಇಷ್ಟು ತಿಂಗಳಲ್ಲಿ ಅವಳ ದನಿ ಕೇಳಿದ್ದು ಅದೇ. ಮೇಜಿನ ಹತ್ತಿರ ಓಡಿ ಬಂದು ಕೈಗೆ ಸಿಕ್ಕ ಒಂದು ಪುಸ್ತಕ ತಗೊಂಡಳು. ಬೇಕರಿಯವರ ಮನೆಯಿಂದ ಬಂದಿದ್ದ ಗಾಳಿಪಟದ ಕಥೆ. ಅಪ್ಪನ ಮುಂದೆ ತೆರೆದು ಹಿಡಿದಳು. “ಅಪ್ಪಾ, ಇದನ್ನ ಓದು.”

ಆತ ಪುಸ್ತಕ ಮುಟ್ಟಲಿಲ್ಲ. ಅಂಗಿ ಜೇಬಿನಿಂದ ತೆಳ್ಳನೆಯ ಒಂದು ಸೈಕಲ್ ಕಡ್ಡಿ ತೆಗೆದ. ಉಜ್ಜಿ ಉಜ್ಜಿ ಹೊಳೆಯುತ್ತಿತ್ತು. ಅದರ ತುದಿಯನ್ನ ಮೊದಲ ಅಕ್ಷರದ ಕೆಳಗಿಟ್ಟ.

“ಗಾ... ಗಾಳಿ... ಪಟ. ಗಾಳಿಪಟ. ಮರ... ದ. ಮರದ ತು... ತುದಿಗೆ. ಸಿ... ಸಿಕ್ಕಿ...” ಹಣೆಯಲ್ಲಿ ಬೆವರು. “ಸಿಕ್ಕಿಕೊಂಡಿತು. ಅದನ್ನು. ಬಿ... ಬಿಡಿಸಲು.” ನಿಂತ. ಕಣ್ಣು ಕಿರಿದು ಮಾಡಿ ನೋಡಿದ. ಬಗ್ಗಿ ಉಫ್ ಅಂತ ಊದಿದ.

“ಅಳಿಲು! ಅಳಿಲು ಬಂದಿತು!” ಅಂತ ಇಡೀ ಕ್ಲಾಸು ಕೂಗಿತು. ಅವರಿಗೆಲ್ಲ ಗೊತ್ತಿದ್ದ ಕಥೆ.

“ಇರಬಹುದು ಮಕ್ಕಳೇ,” ಅಂದ ಆತ. “ನನಗೆ ಕಾಣಿಸ್ತಿಲ್ಲವಲ್ಲ. ಇಲ್ಲಿ ಹಿಟ್ಟು ಮೆತ್ಕೊಂಡಿದೆ.”

“ಅಯ್ಯೋ, ಕ್ಷಮಿಸಣ್ಣಾ, ಅದು ನಮ್ಮದು,” ಅಂದ ಬೇಕರಿಯವನು.

ಎಲ್ಲರೂ ನಕ್ಕರು. ಅತ್ತಿಗೆ ನಗಲಿಲ್ಲ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದರು. ಆಮೇಲೆ ಮೇಡಂ ಕಡೆ ತಿರುಗಿ, “ನೋಡಿದ್ರಾ ಮೇಡಂ? ಇಲ್ಲದ್ದನ್ನ ಓದಲಿಲ್ಲ. ಕಾಣದ ಕಡೆ ನಿಂತ್ರು,” ಅಂದರು. “ಇದೇ ಕ್ಲಾಸಿನಲ್ಲಿ ನಾನೂ ನನ್ನ ಮಕ್ಕಳೂ ಇಲ್ಲದ ಹಾಳೆಯನ್ನ ಒಂದೇ ಉಸಿರಲ್ಲಿ ಓದಿದ್ವಿ. ಓದು ಅಂದ್ರೆ ಇದು.”

ಮೇಡಂ ಕನ್ನಡಕ ತೆಗೆದು ಆತನನ್ನ ನೋಡಿದರು. “ಯಾವಾಗ ಕಲಿತ್ರಿ?”

“ಚಿಕ್ಕವನಿದ್ದಾಗ ಅಕ್ಷರ ಕಲಿತಿದ್ದೆ ಮೇಡಂ, ಮರೆತುಹೋಗಿತ್ತು. ಮಗಳು ಈ ಪುಸ್ತಕ ತಂದು ಓದಿದಳು. ವಾಪಸ್ ಕೊಟ್ಟರೆ ಮತ್ತೆ ಅದೇ ಪುಸ್ತಕ ಬಂತು. ಸರಿ, ನಾನೂ ಕಡ್ಡಿ ಇಟ್ಕೊಂಡು ಜೊತೆಗೆ ನೋಡ್ತಾ ಹೋದೆ. ಮತ್ತೆ ಅದೇ ಬಂತು. ಮತ್ತೆ ಓದಿದ್ವಿ.” ಅತ್ತಿಗೆಯ ಕಡೆ ತಿರುಗಿದ. “ಟೀಚರ್, ನೀವು ಹೇಳಿ ಕಳಿಸಿದಾಗ ಹೆದರಿಕೊಂಡು ಬರಲಿಲ್ಲ. ಎಲ್ಲೋ ಕಲೆ ಮಾಡಿಬಿಟ್ಟಿದ್ದೀನಿ, ಅದಕ್ಕೇ ಬೇರೆ ಪುಸ್ತಕ ಕೊಡ್ತಿಲ್ಲ ಅಂದ್ಕೊಂಡೆ. ಸೀಮೆಎಣ್ಣೆ ಹಾಕಿ ಉಜ್ತೀನಿ, ಸೋಪು ಹಾಕಿ ಉಜ್ತೀನಿ. ಆದ್ರೂ ಹೋಗಲ್ಲ ನೋಡಿ.” ಅಂತ ಆಗ ಕೈ ಮುಂದೆ ತಂದ. ಉಜ್ಜಿ ಉಜ್ಜಿ ಚರ್ಮ ಕೆಂಪಾಗಿತ್ತು, ಉಗುರಿನ ಸಂದಿಯ ಕಪ್ಪು ಹಾಗೇ ಇತ್ತು. “ಪುಸ್ತಕದೊಳಗೇ ಚೀಟಿ ಇದೆಯಲ್ಲ, ಕೊಳೆಯಾದರೆ ಹೊಣೆ ಅಂತ. ನಾನು ಮೊದಲು ಓದಿದ್ದೇ ಅದನ್ನ.”

ಎಲ್ಲರೂ ನನ್ನ ಕಡೆ ನೋಡಿದರು. ನೋಡಲಿ. ಚೀಟಿ ಅಂಟಿಸೋದು ನನ್ನ ಕೆಲಸ.

ಅತ್ತಿಗೆ ಹುಡುಗಿಯ ಮುಂದೆ ಮಂಡಿಯೂರಿ ಕೂತರು. “ಅಲ್ವೇ ಕಂದಾ, ಕೊಳೆಯಾದ್ರೆ ಮಾತ್ರ ಹೊಸದು ಕೊಡ್ತೀನಿ ಅಂತ ನಿನಗೆ ಗೊತ್ತಿತ್ತಲ್ಲ. ಅಪ್ಪನಿಗೆ ಯಾಕೆ ಹೇಳಲಿಲ್ಲ?”

ಹುಡುಗಿ ಅಪ್ಪನ ಕೈ ನೋಡಿತು. “ಅಪ್ಪ ಅಷ್ಟೊಂದು ತೊಳೀತಿದ್ರು ಟೀಚರ್. ಬೇಡ ಅಂತ ಹೇಗೆ ಹೇಳಲಿ?”

ಅತ್ತಿಗೆ ಆ ಮಗುವನ್ನ ಬಾಚಿ ತಬ್ಬಿಕೊಂಡರು. “ತಪ್ಪು ನಂದು ಕಂದಾ, ಪೂರ್ತಿ ನಂದು,” ಅಂತ ಇಡೀ ಸಭೆಯ ಮುಂದೆ ಅತ್ತರು. ಟೈಲರ್ ಕಣ್ಣೊರೆಸಿಕೊಂಡ. ಸುಳ್ಳು ಯಾಕೆ ಹೇಳಲಿ, ನನ್ನ ಕಣ್ಣಲ್ಲೂ ನೀರು ಬಂತು.

ಮೇಡಂ ಪುಸ್ತಕಗಳನ್ನ ಒಂದರ ಮೇಲೊಂದು ಜೋಡಿಸಿದರು. “ಹರಿದದ್ದಕ್ಕೆ ಬದಲು ತರಿಸಿಕೊಡ್ತೀನಿ,” ಅಂದರು. “ಆದ್ರೆ ನಾಳೆ ಕಳೆದದ್ದಕ್ಕೆ, ಕೆಟ್ಟದ್ದಕ್ಕೆ ಉತ್ತರ ಹೇಳಬೇಕಾದವರು ಆಫೀಸಿನವರು. ಅವರೇ ಹೇಳಲಿ. ಬೀರು ತೆರೆದಿರಬೇಕೋ ಮುಚ್ಚಬೇಕೋ?”

ಹೆಡ್ ಮಾಸ್ತರು ನನ್ನ ಕಡೆ ನೋಡಿ ಬೀಗ ಹಾಕೋ ಹಾಗೆ ಬೆರಳು ತಿರುಗಿಸಿ ಸನ್ನೆ ಮಾಡಿದರು. ಅತ್ತಿಗೆ ನೆಲದ ಮೇಲೆ ಕೂತಲ್ಲಿಂದಲೇ ನನ್ನನ್ನ ನೋಡಿದರು. ಕೇಳಲಿಲ್ಲ. ಕೇಳಿದ್ದರೆ ಬಹುಶಃ ಜಗಳ ಆಡ್ತಿದ್ದೆ. ಕೇಳದೇ ಇದ್ದಾಗ ಏನು ಮಾಡೋದು?

ಗೊಂಚಲಿನಿಂದ ಬೀರುವಿನ ಬೀಗದಕೈ ಬಿಡಿಸೋಕೆ ಹೋದೆ. ವರ್ಷಗಟ್ಟಲೆ ಅಲ್ಲೇ ಇದ್ದದ್ದು, ಬರಲೇ ಇಲ್ಲ. ಉಗುರು ಮುರೀತು. “ಕೊಡಿ ಅಮ್ಮಾ,” ಅಂತ ಗ್ಯಾರೇಜಿನಾತ ಬಂದು, ತನ್ನ ಕಡ್ಡಿ ತೂರಿಸಿ ಒಂದೇ ಸಲಕ್ಕೆ ಬಿಡಿಸಿಕೊಟ್ಟ. ನಾನು ಅದನ್ನ ಅತ್ತಿಗೆಯ ಮಡಿಲಿಗೆ ಹಾಕಿದೆ.

“ಮನೆಗೆ ಬನ್ನಿ, ಮಾತಾಡ್ತೀನಿ ನಿಮ್ಮ ಹತ್ತಿರ,” ಅಂದೆ. ಆಮೇಲೆ ಹುಡುಗಿಗೆ, “ಹೋಗು, ಬೀರುವಿನಲ್ಲಿ ಯಾವುದು ಬೇಕೋ ತಗೋ. ಮತ್ತೆ ಸ್ವಚ್ಛವಾಗಿ ತಂದ್ರೆ ನಾನೇ ತಗೊಳ್ಳಲ್ಲ, ಹೇಳಿದ್ದೀನಿ.”

ಅವತ್ತು ದಾರಿಯುದ್ದಕ್ಕೂ ಅತ್ತಿಗೆ ಕೊಡೆ ನನ್ನ ಕಡೆಗೇ ಹೆಚ್ಚು ಹಿಡಿದಿದ್ದರು. ನಾನು ಗಮನಿಸದ ಹಾಗೆ ಇದ್ದೆ. ಮನೆಗೆ ಹೋದಮೇಲೆ ಕ್ಲಾಸಿನ ಕಾನೂನೂ ಬದಲಾಯ್ತು. ಕೊಳೆಯೂ ಬೇಡ, ಸ್ವಚ್ಛವೂ ಬೇಡ, ಮಕ್ಕಳು ಬಂದು ಕಥೆ ಹೇಳಲಿ ಸಾಕು. ಅಣ್ಣ ಪೇಪರ್ ಕೆಳಗಿಟ್ಟು, “ಇಬ್ಬರೂ ಒಂದು ಮಾತಿಗೆ ಒಪ್ಪಿದ್ರಾ!” ಅಂತ ಗಾಬರಿಯಾದ.

ಮುಂದಿನ ವಾರ ಆ ಹುಡುಗಿ ಆಫೀಸಿಗೇ ಬಂದು ಪುಸ್ತಕವನ್ನ ನನ್ನ ಮೇಜಿನ ಮೇಲಿಟ್ಟು ಓಡಿಹೋಯ್ತು. ತೆರೆದು ನೋಡಿದೆ. ಪುಟಗಳೆಲ್ಲ ಶುಭ್ರ. ಮತ್ತೆ ಅದೇ ಕಥೆಯಾ ಅಂದುಕೊಳ್ಳುವಷ್ಟರಲ್ಲಿ ಕೊನೆಯ ಪುಟ ಬಂತು. ಕಥೆ ಮುಗಿದ ಜಾಗದ ಕೆಳಗೆ ಒಂದು ಕಪ್ಪು ಹೆಬ್ಬೆಟ್ಟು, ಸೇರಿಸೋಕೆ ಬಂದಾಗ ಒತ್ತಿದ್ದನಲ್ಲ, ಅದೇ. ಅದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ, ಒಂದು ಅಕ್ಷರ ಮೇಲೆ ಒಂದು ಅಕ್ಷರ ಕೆಳಗೆ: ‘ಓದಿದೆ. ಚೆನ್ನಾಗಿದೆ.’

ಶಾಲೆಯ ಪುಸ್ತಕದ ಮೇಲೆ ಬರೆಯೋ ಹಾಗಿಲ್ಲ. ಇಷ್ಟು ವರ್ಷ ಎಷ್ಟು ಮಕ್ಕಳಿಗೆ ಅದಕ್ಕೆ ಬೈದಿದ್ದೀನೋ ಲೆಕ್ಕವಿಲ್ಲ. ರಬ್ಬರು ಪಕ್ಕದಲ್ಲೇ ಇತ್ತು. ನಾನು ಅದನ್ನ ಡ್ರಾಯರಿನೊಳಗೆ ಹಾಕಿ, ಕಿಟಕಿಯಿಂದ ಮೂರನೇ ಕ್ಲಾಸಿನ ಕಡೆ ಬಗ್ಗಿ, “ಅತ್ತಿಗೇ, ಬೇಗ ಬನ್ನಿ ಇಲ್ಲಿ!” ಅಂತ ಕೂಗಿದೆ.